ಗೋಪಮ್ಮ ಬರೆದುಕೊಟ್ಟ ಚೀಟಿ

ಜೂನ್ 16, ಸೋಮವಾರ. ಬೆಳಿಗ್ಗೆ 10.20ಕ್ಕೆ ರಾಯಚೂರಿನ ಠಾಣೆಗೆ ಬಂದ ಗೋಪಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು.

"ನನ್ನ ಅಳಿಯ ಕಳ್ಳ ಅಲ್ರಿ, ಮೇಡಂ."

"ಯಾರು ಅಂದ್ರು ಕಳ್ಳ ಅಂತ? ಮೊದಲಿಂದ ಹೇಳ್ರಿ," ಎಂದಳು ಇನ್‌ಸ್ಪೆಕ್ಟರ್ ಚಂದ್ರಕಲಾ.

ಮಗಳು ಮೇಘಾ ಗಲ್ಫ್ ದೇಶವೊಂದರಲ್ಲಿ ನರ್ಸ್. ಹೆರಿಗೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಬಾಣಂತಿಗೆಂದು ಗೋಪಮ್ಮ ಅಂಟಿನುಂಡಿ ಕಟ್ಟಿ, ಜೂನ್ 3ರಂದು ರಾಯಚೂರಿನ ಕಾರ್ಗೋ ಅಂಗಡಿಯೊಂದರಲ್ಲಿ ವಿಮಾನಕ್ಕೆ ಕೊಟ್ಟಿದ್ದಳು. ಗಲ್ಫ್‌ನಲ್ಲಿ ಡಬ್ಬಿ ತರಲು ಹೋದ ಅಳಿಯ ಶೇಖರನನ್ನು ಕಸ್ಟಮ್ಸ್‌ನವರು ಹಿಡಿದುಕೊಂಡರು. ಉಂಡೆಯಲ್ಲಿದ್ದ ಗಸಗಸೆ ಆ ದೇಶದಲ್ಲಿ ನಿಷಿದ್ಧ. ಸಾಲದ್ದಕ್ಕೆ ಡಬ್ಬಿಯ ಕಾಗದದಲ್ಲಿ 'ಹತ್ತಿ ಬಟ್ಟೆ' ಎಂದಿತ್ತು. ಬಚ್ಚಿಟ್ಟು ತರಿಸಿಕೊಂಡಿದ್ದಾನೆಂದು ಆರೋಪ. ಗುರುವಾರ, 19ಕ್ಕೆ ವಿಚಾರಣೆ. ಸುಳ್ಳು ಬರೆದದ್ದು ಮನೆಯವರಲ್ಲ ಎಂದು ಅಷ್ಟರೊಳಗೆ ತೋರಿಸದಿದ್ದರೆ ವರ್ಷಗಟ್ಟಲೆ ಜೈಲು.

"ಅಂಗಡ್ಯಾಗ ಏನಂತ ಹೇಳಿದ್ರಿ?"

"ಬರದು ಕೊಟ್ಟೀನ್ರಿ. ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲ, ತುಪ್ಪ, ಗಸಗಸಿ. ಬಾಣಂತಿಗೆ ನಿದ್ದಿ ಹತ್ತಲಿ ಅಂತ ಗಸಗಸಿ ಒಂದು ಮುಟಿಗಿ ಜಾಸ್ತೀನ ಹಾಕಿದ್ನಿ. ನನ್ನ ಕೈ ಸೇದಿಹೋಗ!"

"ಆ ಚೀಟಿ ಎಲ್ಲಿ?"

"ಕೌಂಟರಿನ್ಯಾಗ ಇದ್ದಾತ ಇಸಗೊಂಡ."

ದೂರನ್ನು ಗೋಪಮ್ಮ ತಾನೇ ಬರೆದಳು. ಮಗಳ ಪಾಟಿಯ ಮೇಲೆ ಅಕ್ಷರ ಕಲಿತವಳು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. 11.15ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12ಕ್ಕೆ ಚಂದ್ರಕಲಾ, ಹೆಡ್ ಕಾನ್‌ಸ್ಟೆಬಲ್ ಶಾಮೀದಸಾಬನೊಂದಿಗೆ ಆ ಅಂಗಡಿಗೆ ಹೋದಳು. ಮಾಲೀಕ ಪಕೀರಪ್ಪ ಚಹಾ ತರಿಸಲು ಹೊರಟ. ಬೇಡವೆಂದಳು.

"ಬಟ್ಟಿ ಅಂತ ಆಕೀನೇ ಹೇಳ್ಯಾಳ್ರಿ," ಎಂದ ಅವನು.

"ಬರದು ಕೊಟ್ಟ ಚೀಟಿ?"

"ಯಾವ ಚೀಟಿರಿ? ನಮ್ಮಲ್ಲಿ ಚೀಟಿ ಗೀಟಿ ಏನೂ ಇಲ್ಲ."

ಕಳಿಸುವವರು ಯಾರು, ಪಡೆಯುವವರು ಯಾರು, ತೂಕವೆಷ್ಟು, ಒಳಗೇನಿದೆ ಎಂಬ ಮಾಹಿತಿ ಡಬ್ಬಿ ವಿಮಾನ ಏರುವ ಮೊದಲೇ ಕಸ್ಟಮ್ಸ್‌ಗೆ ಹೋಗಬೇಕು. ಅದನ್ನು ಕಂಪ್ಯೂಟರಿಗೆ ಹಾಕುವವರು ಈ ಅಂಗಡಿಯವರೇ. ಗಸಗಸೆ ಎಂದು ನಿಜ ಬರೆದಿದ್ದರೆ ಡಬ್ಬಿ ಹೈದರಾಬಾದಿನ ವಿಮಾನ ನಿಲ್ದಾಣದಲ್ಲೇ ನಿಲ್ಲುತ್ತಿತ್ತು, ಶೇಖರ ಮನೆಯಲ್ಲಿ ಮಗುವನ್ನು ತೂಗುತ್ತಿರುತ್ತಿದ್ದ. ಒಂದೇ ಒಂದು ಸಾಲಿನ ಕೆಲಸ ಅದು!

ಶಾಮೀದಸಾಬ ಕಂಪ್ಯೂಟರಿನ ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತ ಹೋದ. ಮಾರ್ಚ್ ಮಧ್ಯದಿಂದ ಈಚೆಗೆ ನಲವತ್ತೊಂದು ಡಬ್ಬಿ. ಎಲ್ಲವೂ ಹತ್ತಿ ಬಟ್ಟೆ.

"ಮೇಡಂ, ನಮ್ಮ ಜಿಲ್ಲಾದಾಗ ಹತ್ತಿ ಬೆಳೀತದ, ಖರೆ. ಆದ್ರ ಮಂದಿ ಇಷ್ಟು ಬಟ್ಟಿ ಉಡ್ತಾರೇನ್ರಿ?"

ಅದಕ್ಕೂ ಹಿಂದೆ, ಫೆಬ್ರವರಿ 20ರಂದು, ಬೇರೆ ಥರದ ಒಂದು ನಮೂದಿತ್ತು. 'ಅಯ್ಯಮ್ಮ, ದೇವದುರ್ಗ. ಅಂಟಿನ ಉಂಡೆ, ಗಸಗಸೆ ಸಹಿತ.' ಪಕ್ಕದಲ್ಲಿ: 'ವಾಪಸ್.'

"ಇವನ್ನೆಲ್ಲ ಟೈಪ್ ಮಾಡಿದ್ದು ಯಾರು?"

"ಹುಲಗಪ್ಪ. ಹನ್ನೊಂದನೇ ತಾರೀಖಿನಿಂದ ರಜಾದಾಗ ಅದಾನ್ರಿ," ಎಂದು ಪಕೀರಪ್ಪ ನೆಲ ನೋಡಿದ.

ಶೇಖರನನ್ನು ಹಿಡಿದ ಸುದ್ದಿ ಬಂದದ್ದೂ ಹನ್ನೊಂದಕ್ಕೇ. ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಕಂಪ್ಯೂಟರನ್ನು ವಶಕ್ಕೆ ಪಡೆದರು. ಸುಳ್ಳು ಅಂಗಡಿಯವರದೋ ಗೋಪಮ್ಮಳದೋ ಎಂಬುದನ್ನು ಮಾತ್ರ ಅದು ಹೇಳುವಂತಿರಲಿಲ್ಲ. ಚೀಟಿಯೇ ಬೇಕಿತ್ತು.

ಜೂನ್ 17, ಬೆಳಿಗ್ಗೆ 9.40. ದೇವದುರ್ಗದಲ್ಲಿ ಹುಲಗಪ್ಪ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಇಪ್ಪತ್ತೆಂಟರ ವಯಸ್ಸು. ಜೀಪು ಕಂಡು ಎದ್ದು ನಿಂತ, ಓಡಲಿಲ್ಲ.

"ಆ ಶೇಖರನ್ನ ಬಿಟ್ರೇನ್ರಿ?"

"ಬಿಟ್ಟಿಲ್ಲ. ಗೋಪಮ್ಮ ಚೀಟಿ ಕೊಟ್ಟಿದ್ಲೋ ಇಲ್ಲೋ?"

ಹುಲಗಪ್ಪ ಒಳಗೆ ಹೋಗಿ ಬಿಸ್ಕಿಟಿನ ತಗಡಿನ ಡಬ್ಬಿಯೊಂದನ್ನು ತಂದು ಚಂದ್ರಕಲಾಳ ಮುಂದಿಟ್ಟ. ಅದರ ತುಂಬ ಚೀಟಿಗಳು.

"ಸಾಹುಕಾರ ಎಲ್ಲಾ ಹರದು ಹಾಕು, ಊರಿಗೆ ಹೋಗಿ ಸುಮ್ಮ ಇರು ಅಂದ್ರು. ಆಗಲಿಲ್ರಿ. ಒಬ್ಬಾಕಿ ಮಗನ ಹೆಸರು ಎರಡು ಸಲ ಬರದಾಳ. ಇನ್ನೊಬ್ಬಾಕಿ, ಮುರೀದಂಗ ಒಯ್ಯರಿ ಅಂತ ಬರದಾಳ. ಹೆಂಗ ಹರೀಲಿ?"

"ಮತ್ತ ಬಟ್ಟಿ ಅಂತ ಯಾಕ ಬರದಿ?"

ಹುಲಗಪ್ಪ ಮತ್ತೆ ಕಟ್ಟೆಯ ಮೇಲೆ ಕೂತ.

"ಅಯ್ಯಮ್ಮಂದು ಇದ್ದದ್ದು ಇದ್ದಂಗ ಬರದಿದ್ನಿ. ಇಪ್ಪತ್ತೆರಡು ದಿನಕ್ಕ ಡಬ್ಬಿ ವಾಪಸ್ ಬಂತು, ಎಲ್ಲಾ ಬೂಸ್ಟು ಹಿಡಿದಿತ್ತು. ಯಾಕ ಬಂತು ಅಂತ ಯಾರೂ ಹೇಳಲಿಲ್ಲ. ಆಕಿ ಬೈಯಲೇ ಇಲ್ರಿ. 'ನಾನ ಏನೋ ತಪ್ಪ ಬರಸಿದೆ ಏನೋ, ತಮ್ಮಾ' ಅಂತ ಅಂಗಡಿ ಮೆಟ್ಟಲ ಮ್ಯಾಲ ಕುಂತು ಅತ್ಲು. ಆವತ್ತಿಂದ ಯಾರ ಡಬ್ಬೀನೂ ವಾಪಸ್ ಬರಬಾರದು ಅಂತ ಬಟ್ಟಿ ಬರಕೋತ ಬಂದೆ. ಗಸಗಸಿಗೆ ಮನಷ್ಯಾನ್ನ ಹಿಡೀತಾರಂತ ನಂಗೇನು ಗೊತ್ರಿ?"

"ಗೊತ್ತಿಲ್ಲಂದ್ರ ಕೇಳಬೇಕಿತ್ತು. ಹಸಗೂಸಿನ ತಂದಿ ಒಳಗ ಕುಂತಾನ," ಎಂದಳು ಚಂದ್ರಕಲಾ.

"ನಾ ಬರದಿದ್ದು ಅಂತ ಎಲ್ಲಿ ಬೇಕಾದ್ರೂ ಸಹಿ ಮಾಡ್ತೀನ್ರಿ. ಆತನ್ನ ಬಿಡಿಸ್ರಿ."

ಮೇಲಿನಿಂದ ಮೂರನೆಯದೇ ಗೋಪಮ್ಮಳ ಚೀಟಿ. ದೂರಿನ ಪಕ್ಕಕ್ಕಿಟ್ಟರೆ ಅದೇ ಸೊಟ್ಟ ಸಾಲು, ಅದೇ ಒತ್ತಿ ಬರೆದ ಅಕ್ಷರ. ಪಂಚನಾಮೆ ಮುಗಿದು 11.30ಕ್ಕೆ ಹುಲಗಪ್ಪನ ಬಂಧನವಾಯಿತು. ಸಾಕ್ಷ್ಯ ನಾಶ ಮಾಡಲು ಹೇಳಿದ್ದಕ್ಕೆ ಪಕೀರಪ್ಪ ಎರಡನೇ ಆರೋಪಿಯಾದ. ಚೀಟಿಯ ದೃಢೀಕೃತ ಪ್ರತಿಯೂ ಅದರ ಅನುವಾದವೂ ಅಂದು ಸಂಜೆಯೇ ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಹೋದವು. 'ಉದ್ದೇಶ: ತಾಯಂದಿರ ಡಬ್ಬಿ ವಾಪಸ್ ಬರಬಾರದೆಂದು' ಎಂದು ಚಂದ್ರಕಲಾ ಕೇಸ್ ಡೈರಿಯಲ್ಲಿ ಬರೆದಳು. ಓದಿದ ಮೇಲಧಿಕಾರಿ ಹುಬ್ಬೇರಿಸಿದರು, ಅವಳು ತಿದ್ದಲಿಲ್ಲ.

ಗುರುವಾರ ಸಂಜೆ ಶೇಖರ ಮನೆ ಸೇರಿದ.

ಶನಿವಾರ ಗೋಪಮ್ಮ ಮತ್ತೆ ಠಾಣೆಗೆ ಬಂದಳು, ಕೈಯಲ್ಲಿ ಬಟ್ಟೆ ಕಟ್ಟಿದ ಸ್ಟೀಲ್ ಡಬ್ಬಿ.

"ಆ ಹುಲಗಪ್ಪಗ ಮುಟ್ಟಿಸ್ರಿ."

"ಸಿಟ್ಟಿಲ್ಲೇನು ನಿಮಗ?" ಎಂದು ಚಂದ್ರಕಲಾ ಕೇಳಿದಳು.

"ಇಲ್ದೇನ್ರಿ? ಒಂಬತ್ತು ದಿನ ಕೂಳು ನುಂಗಿಲ್ಲ ನಾನು. ಆದ್ರ ಅವ ನನ್ನ ಚೀಟಿ ಹರದಿದ್ರ ಶೇಖರ ಮನಿಗೆ ಬರತಿದ್ದಿಲ್ಲ."

"ಯವ್ವಾ, ಜೈಲಿನೊಳಗ ಹಿಂಗೆಲ್ಲಾ ಇಸಗೊಳ್ಳಂಗಿಲ್ಲ. ಏನದ, ಎಷ್ಟದ, ಎಲ್ಲಾ ಕೇಳ್ತಾರ."

"ಕೇಳಲಿ," ಎಂದು ಗೋಪಮ್ಮ ಈ ಸಲ ತಾನೇ ಕುರ್ಚಿ ಎಳೆದುಕೊಂಡು ಕೂತಳು. ಪೆನ್ನು ಕೇಳಿ ಪಡೆದು, ನಿಧಾನವಾಗಿ ಬರೆದುಕೊಟ್ಟಳು: 'ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲ, ತುಪ್ಪ. ಉಂಡಿ ಹನ್ನೊಂದು. ಗಸಗಸಿ ಹಾಕಿಲ್ಲ.'