ಸಾಂಬ್ರಾಣಿಯ ಲೇಡೀಸ್ ವಾಚ್

ಶಂಕ್ರವ್ವ ಸತ್ತದ್ದು ಮೊದಲು ಗೊತ್ತಾದದ್ದು ಎಮ್ಮೆಗೆ. ಸಂಜೆ ನಾಲ್ಕು ಗಂಟೆಯ ಸುಮಾರಿಗೆ ಅದು ಹಗ್ಗ ಜಗ್ಗಿ ಒದರತೊಡಗಿತು. ಒಳಗೆ ಮಲಗಿದ್ದ ಸೊಸೆ ಐಶ್ವರ್ಯಾ ಗೊಣಗುತ್ತಲೇ ಎದ್ದು ಕೊಟ್ಟಿಗೆಗೆ ಬಂದಳು. ಅತ್ತೆ ಮೇವಿನ ಮೇಲೆ ಬೋರಲು ಬಿದ್ದಿದ್ದಳು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ರುಬ್ಬುಗುಂಡು.

ಹಳಿಯಾಳದಿಂದ ಪೊಲೀಸ್ ಜೀಪು ಸಾಂಬ್ರಾಣಿ ಮುಟ್ಟುವಷ್ಟರಲ್ಲಿ ಓಣಿ ತೀರ್ಪು ಕೊಟ್ಟು ಮುಗಿಸಿತ್ತು.

"ಒಂದು ಗಂಟೆಕ್ಕ ಅತ್ತಿ-ಸೊಸಿ ಜಗಳಾಡ್ಯಾರ್ರಿ," ಎಂದಳು ಪಕ್ಕದ ಮನೆಯ ಗೋದುಬಾಯಿ. "ನಾ ಕಿವಿಯಾರೆ ಕೇಳೇನಿ. ವಾಚಿನ ಸಲುವಾಗಿ."

"ವಾಚಾ?" ಪಿಎಸ್‌ಐ ಲೋಕೇಶ ಹುಬ್ಬೇರಿಸಿದ.

"ಆಕಿ ಕೈಯಾಗ ನೋಡ್ರಿ. 'ಕೈಮ್ಯಾಲ ಹೆಂಚ ಇಟಗೊಂಡು ಯಾರ ಮನಿಗೆ ರೊಟ್ಟಿ ಬಡಿಯಾಕ ಹೊಂಟಿ' ಅಂತ ಶಂಕ್ರವ್ವ ದಿನಾ ಅಂತಿದ್ಲು."

ಐಶ್ವರ್ಯಾಳ ಸಣ್ಣ ಮಣಿಕಟ್ಟಿನ ಮೇಲೆ ದಪ್ಪ ಕರಿಯ ವಾಚು ಕೂತಿತ್ತು. ದಾಂಡೇಲಿಯಲ್ಲಿ ಕಾಳಿ ನದಿಗೆ ಪ್ರವಾಸಿಗರನ್ನು ದೋಣಿಯಲ್ಲಿ ಇಳಿಸುವ ಒಂದು ಕಚೇರಿಯಲ್ಲಿ ಅವಳ ಕೆಲಸ. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದಿದ್ದಳು. ಜಗಳವಾಡಿ, ಕಿವಿಗೆ ಹಾಡು ಹಚ್ಚಿಕೊಂಡು ಮಲಗಿದ್ದಳು. ಗಂಡ ರುದ್ರೇಶ ಲಾರಿ ತೆಗೆದುಕೊಂಡು ಗುಜರಾತಿಗೆ ಹೋಗಿದ್ದ.

"ನಾ ಏನೂ ಮಾಡಿಲ್ಲರಿ," ಎಂದಳು.

ಯಾರೂ ಕೇಳಿಸಿಕೊಳ್ಳಲಿಲ್ಲ.

ಎಎಸ್‌ಐ ಶಿವಗಂಗಾ ಕೈಗವಸು ಹಾಕಿಕೊಂಡು ಮೇವು ಸರಿಸುತ್ತಿದ್ದಳು. ಐವತ್ತೈದು ದಾಟಿದ ಹೆಂಗಸು. ಮಂಡಿ ನೋವು. ಬೆರಳಿಗೆ ಏನೋ ತಾಗಿತು. ಎತ್ತಿದಳು. ಚಿನ್ನದ ಬಣ್ಣದ ಪುಟ್ಟ ವಾಚು. ಪಟ್ಟಿ ಅರ್ಧಕ್ಕೆ ಹರಿದಿತ್ತು. ಮೇವಿನ ಜೊತೆ ಎಮ್ಮೆ ಅದನ್ನೂ ನೆಕ್ಕಿತ್ತು. ಗಾಜಿನ ತುಂಬ ಜೊಲ್ಲು. ಬೆರಳಚ್ಚಿನ ಆಸೆ ಅಲ್ಲಿಗೆ ಮುಗಿಯಿತು. ವಾಚು ಮಾತ್ರ ಟಿಕ್ ಟಿಕ್ ಎಂದು ನಡೆಯುತ್ತಲೇ ಇತ್ತು.

ಲೋಕೇಶ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತನ್ನ ಕೈಯ ಪಕ್ಕ ಹಿಡಿದು ನೋಡಿದ. ಅವನ ವಾಚು ಡಬ್ಬಿಯ ಮುಚ್ಚಳದಷ್ಟಿತ್ತು. "ಲೇಡೀಸ್ ವಾಚು," ಎಂದ. "ಮುದುಕಿ ಕೈ ಹಿಡದಾಳ, ಪಟ್ಟಿ ಹರದೈತಿ. ಹೊಡದಾಕಿ ಹೆಣ್ಮಗಳು."

"ನಂದಲ್ಲರಿ ಅದು!" ಐಶ್ವರ್ಯಾ ಕೂಗಿದಳು.

ಆರೂವರೆಗೆ ಮುಂಡಗೋಡದಿಂದ ಶಂಕ್ರವ್ವನ ಮಗಳು ಸುನಂದಾ ಬಂದಳು. ಜೊತೆಗೆ ಗಂಡ ಗೂಳಪ್ಪ. ಸುನಂದಾ ಎದೆ ಬಡಿದುಕೊಂಡು ಅತ್ತಳು. ಲೋಕೇಶ ವಾಚು ತೋರಿಸಿದಾಗ ಅಳು ನಿಂತಿತು.

"ಐಶ್ವರ್ಯಾಂದ," ಎಂದಳು. "ನಮ್ಮವ್ವ ಕೊಡಿಸಿದ್ಲು. ಮನ್ಯಾಗಿದ್ದಾಗ ಇದು, ದಾಂಡೇಲಿಗೆ ಹೋಗುವಾಗ ಆ ಹೆಂಚು."

"ಅಕ್ಕಾರ, ನನ್ನ ಮಾರಿ ನೋಡಿ ಹೇಳ್ರಿ ಆ ಮಾತು!"

ಸುನಂದಾ ಮಾರಿ ನೋಡಲಿಲ್ಲ. ಅವಳ ಬಲಗೈಯಲ್ಲಿ ಹಸಿರು ಬಳೆ ತುಂಬಿದ್ದವು. ಎಡಗೈ ಬರಿದಾಗಿತ್ತು, ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದಳು. ಹಾಲು ಉಕ್ಕಿ ಸುಟ್ಟಿತು ಎಂದಳು, ಯಾರೂ ಕೇಳದಿದ್ದರೂ.

* * *

"ಮಧ್ಯಾಹ್ನ ಆಕೀನ ಕೋರ್ಟಿಗೆ ಒಯ್ತೇನಿ," ಎಂದ ಲೋಕೇಶ ಮರುದಿನ ಬೆಳಿಗ್ಗೆ ಠಾಣೆಯಲ್ಲಿ. "ಡಾಕ್ಟರು ಒಂದರಿಂದ ಎರಡೂವರಿ ಒಳಗ ಜೀವ ಹೋಗೈತಿ ಅಂದಾರ. ಆಗ ಮನ್ಯಾಗ ಇದ್ದಾಕಿ ಒಬ್ಬಾಕಿ. ಇನ್ನೇನು ಬೇಕು?"

"ಆ ವಾಚು ಒಮ್ಮೆ ಯಾರಿಗರೆ ತೋರಸೂಣು ಸರ್."

"ಯಾಕ? ನನಗ ವಾಚು ಗೊತ್ತಿಲ್ಲೇನು?"

"ನಿಮಗ ಈಗಿನ ವಾಚು ಗೊತ್ತು ಸರ್."

ಲೋಕೇಶನ ಕಿವಿ ಕೆಂಪಾಯಿತು. "ರಿಟೈರ್ ಆಗೋ ವಯಸ್ಸಿನ್ಯಾಗ ಪತ್ತೇದಾರಿ ಹುಚ್ಚು ಹಿಡಿದೈತಿ ನಿಮಗ. ಸಹಿ ಮಾಡಿ ಒಯ್ಯಿರಿ. ಹನ್ನೆರಡಕ್ಕ ನನ್ನ ಟೇಬಲ್ ಮ್ಯಾಲ ಇರಬೇಕು."

ಬೆಂಚಿನ ಮೇಲೆ ಐಶ್ವರ್ಯಾ ಮುದುಡಿ ಕೂತಿದ್ದಳು. ಗಂಡ ಫೋನು ಮಾಡಿದ್ದನಂತೆ. 'ನಮ್ಮಕ್ಕ ಯಾಕ ಸುಳ್ಳ ಹೇಳ್ತಾಳ?' ಎಂದಷ್ಟೇ ಕೇಳಿ ಇಟ್ಟುಬಿಟ್ಟಿದ್ದ.

ಸೊಸೆಯ ಕೈಯನ್ನು ಮನೆ ಹೇಗೆ ಕಾಯುತ್ತದೆ ಎಂಬುದು ಶಿವಗಂಗಾಳಿಗೆ ಗೊತ್ತಿತ್ತು. ಎಷ್ಟು ಬಳೆ, ಎಂಥ ಉಂಗುರ, ಎಷ್ಟು ದೊಡ್ಡ ವಾಚು. ಅವಳು ಇಲಾಖೆಗೆ ಸೇರಿದಾಗ ಕಟ್ಟಿದ ವಾಚಿನಲ್ಲಿ ನಿಮಿಷದ ಮುಳ್ಳು ಕಾಣಲು ಕೈಯನ್ನು ಮೂಗಿನ ಹತ್ತಿರ ತರಬೇಕಿತ್ತು. ಹೆಂಗಸಿಗೆ ಅಷ್ಟು ಹೊತ್ತು ಸಾಕು ಎಂದು ಯಾರೋ ಅಳೆದುಕೊಟ್ಟಂತೆ. ಅದು ನಿಜವಾದ ಲೇಡೀಸ್ ವಾಚು. ನಿನ್ನೆ ಅಂಗೈಯಲ್ಲಿ ಕೂತದ್ದು ಅದರ ಎರಡರಷ್ಟಿತ್ತು. ದಾಂಡೇಲಿಯ ಕಾಗದದ ಮಿಲ್ಲಿಗೆ ಹೊರಡುವಾಗ ಅಪ್ಪ ಕಟ್ಟುತ್ತಿದ್ದ ವಾಚು ಇದಕ್ಕಿಂತ ದೊಡ್ಡದಿತ್ತೇ? ನೆನಪಿಗೆ ಹಾಗೆ ಕಾಣಲಿಲ್ಲ. ಆದರೆ ನೆನಪು ಸಾಕ್ಷಿಯಲ್ಲ.

* * *

ರಾಜೇಸಾಬ ಹಳಿಯಾಳದ ಪೇಟೆಯಲ್ಲಿ ಐವತ್ತು ವರ್ಷದಿಂದ ವಾಚು ರಿಪೇರಿ ಮಾಡುತ್ತಿದ್ದ. ಖಾಕಿ ಕಂಡು ಮುಖ ಸಿಂಡರಿಸಿದ.

"ಲಗೂನ ಹೇಳ್ರಿ. ಪೊಲೀಸರು ನಿಂತ್ರ ಗಿರಾಕಿ ಆ ಕಡೆಯಿಂದ ಹೋಗ್ತಾವ."

"ಇದು ಲೇಡೀಸ್ ವಾಚೇನು ಚಾಚಾ?"

ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಒಮ್ಮೆ ನೋಡಿದ. ನಕ್ಕ.

"ಯಾವ ಬೇವಕೂಫ ಹೇಳಿದ?"

"ನಮ್ಮ ಸಾಹೇಬ್ರು."

"ಆತನ ಕೈಯಾಗ ಗ್ವಾಡಿ ಗಡಿಯಾರ ಇದ್ದಿರಬೇಕು." ರಾಜೇಸಾಬ ಚಿಮಟದ ತುದಿಯಿಂದ ಪಟ್ಟಿ ಕೂರುವ ಜಾಗ ತೋರಿಸಿದ. "ಇಲ್ಲಿ ನೋಡವ್ವ. ಹೆಣ್ಮಕ್ಕಳ ವಾಚಿಗೆ ಇದರ ಅರ್ಧಾ ಅಗಲ. ಅವು ಹುಣಸಿಬೀಜದಷ್ಟು ಇರತಿದ್ವು. ಇದು ಗಂಡಸರದು. ಮೂವತ್ತು ವರ್ಷದ ಹಿಂದ ಎಲ್ಲಾರೂ ಇಷ್ಟ ಕಟ್ಟತಿದ್ರು. ಚಾವಿ ಕೊಡೋದು. ಲಗ್ನದ ದಿನಕ್ಕ ಅಳಿಯಗ ಹಾಕಾಕ ಬಂಗಾರದ ಬಣ್ಣದ್ದ ಬೇಕು ಅಂತಿದ್ರು. ಮದುಮಗ ಫೋಟೋಕ್ಕ ಅಂಗಿ ತೋಳ ಮಡಚಿ ಕೂಡತಿದ್ದ, ವಾಚು ಕಾಣಲಿ ಅಂತ."

"ಒಮ್ಮೆ ಚಾವಿ ಕೊಟ್ರ ಎಷ್ಟು ಹೊತ್ತು ನಡೀತೈತಿ?"

"ಒಂದೂವರಿ ದಿನ. ಭಾಳಂದ್ರ."

ಹಿಂದಿನ ಮುಚ್ಚಳ ತೆಗೆದ. ಒಳಗೆ ಸೂಜಿಯಿಂದ ಗೀರಿದ ಸಣ್ಣ ಗುರುತುಗಳಿದ್ದವು. ರಿಪೇರಿ ಮಾಡಿದವರು ತಮ್ಮ ಗುರುತು, ತಾರೀಖು ಗೀರಿಡುವುದು ಆ ಕಸುಬಿನ ರೂಢಿ.

"ಇದು ನಂದಲ್ಲ. ಮುಂಡಗೋಡದ ಮಿಸ್ತ್ರಿದು. ಹೋದ ವರ್ಷ ದೀಪಾವಳಿ ಮುಂದ ಸರ್ವಿಸ್ ಮಾಡ್ಯಾನ."

ಶಿವಗಂಗಾ ಗಡಿಯಾರ ನೋಡಿದಳು. ಹತ್ತೂವರೆ.

* * *

ಸಾಂಬ್ರಾಣಿಯ ಮನೆಯಲ್ಲಿ ಹೆಣದ ದಾರಿ ಕಾಯುತ್ತಿದ್ದರು. ಆಸ್ಪತ್ರೆಯಿಂದ ಇನ್ನೂ ಬಂದಿರಲಿಲ್ಲ. ಫೋನಿನಲ್ಲಿ ಕರೆಸಿಕೊಂಡದ್ದಕ್ಕೆ ಲೋಕೇಶ ಉರಿಯುತ್ತ ಬಂದಿದ್ದ. ಜೀಪಿನಲ್ಲಿ ಐಶ್ವರ್ಯಾ. ಅವಳನ್ನು ಕಂಡು ಓಣಿಯ ಹೆಂಗಸರು ಥೂ ಎಂದು ಉಗುಳಿದರು.

ಪಡಸಾಲೆಯ ಗೋಡೆಯ ಮೇಲೆ ಸುನಂದಾಳ ಮದುವೆಯ ಫೋಟೋ ಇತ್ತು. ಮದುಮಗ ಗೂಳಪ್ಪ ಅಂಗಿಯ ತೋಳು ಮಡಚಿ, ಎಡಗೈಯನ್ನು ಮೊಣಕಾಲ ಮೇಲಿಟ್ಟು ಕೂತಿದ್ದ. ಕೈಯಲ್ಲಿ ಬಂಗಾರದ ಬಣ್ಣದ ವಾಚು.

"ಗೂಳಪ್ಪನೋರ, ಈ ವಾಚು ನಿಮ್ಮದೇನು?"

ಗೂಳಪ್ಪ ಫೋಟೋ ನೋಡಿದ, ಚೀಲ ನೋಡಿದ. ಐವತ್ತೈದರ ಒಣಕಲು ಮನುಷ್ಯ. "ಹೂಂ, ಇದ್ದಿದ್ದು. ಹಳೇದಾತಂತ ಹತ್ತು ವರ್ಷದ ಹಿಂದ ಅತ್ತಿಗೆ ಕೊಟ್ಟಿದ್ದೆ. ಟ್ರಂಕಿನ್ಯಾಗ ಇತ್ತು. ಈ ಹುಡುಗಿ ಕದ್ದು ಕಟ್ಟಿರಬೇಕು."

"ನಿನ್ನೆ ಸುನಂದವ್ವಾರು ಬ್ಯಾರೆ ಹೇಳಿದ್ರು. ಅವ್ವ ಸೊಸಿಗೆ ಕೊಡಿಸಿದ್ದು ಅಂತ."

"ಹೆಂಗಸು. ದುಃಖದಾಗ ಏನೋ ಅಂದಾಳ."

"ಹತ್ತು ವರ್ಷದಿಂದ ಸಾಂಬ್ರಾಣಿ ಟ್ರಂಕಿನ್ಯಾಗ ಇದ್ದ ವಾಚನ್ನ ಹೋದ ವರ್ಷ ಮುಂಡಗೋಡದ ಮಿಸ್ತ್ರಿ ಹೆಂಗ ಸರ್ವಿಸ್ ಮಾಡಿದ?"

ಗೂಳಪ್ಪ ಹೆಂಡತಿಯ ಕಡೆ ತಿರುಗಿದ.

"ಇನ್ನೊಂದು. ಇದು ಚಾವಿ ವಾಚು. ಮೇವಿನ್ಯಾಗ ಸಿಕ್ಕಾಗ ನಡದಿತ್ತು. ಅಂದ್ರ ಒಂದೂವರಿ ದಿನದೊಳಗ ಯಾರೋ ಚಾವಿ ಕೊಟ್ಟಾರ." ಶಿವಗಂಗಾ ಹತ್ತಿರ ಹೋದಳು. "ಈಗ ಕೈಯಾಗಿನ ವಾಚು ಯಾವಾಗ ತಗೊಂಡ್ರಿ?"

ಅವನ ಕೈಯಲ್ಲಿ ಸ್ಟೀಲಿನ ಹೊಸ ವಾಚು. ತೆಳುವಾದ ಮಣಿಕಟ್ಟಿನ ಎರಡೂ ಬದಿಗೆ ಚಾಚಿಕೊಂಡಿತ್ತು. ಚೈನು ಸಡಿಲಾಗಿ ಅಂಗೈವರೆಗೆ ಜಾರುತ್ತಿತ್ತು.

"ಭಾಳ ದಿನಾ ಆತು."

"ಸುಳ್ಳ. ಹೊಸ ವಾಚು ತಗೊಂಡಾವ ಅಂಗಡ್ಯಾಗ ಕೂತು ಚೈನಿನ ಕೊಂಡಿ ತಗಸಿ ಕೈಗೆ ಸರಿ ಮಾಡಸಕೊಂಡ ಏಳ್ತಾನ. ಹತ್ತು ನಿಮಿಷದ ಕೆಲಸ. ನಿಮಗ ಆ ಹತ್ತು ನಿಮಿಷಾನೂ ಇರಲಿಲ್ಲ. ಬಿಚ್ಚರಿ ಅದನ್ನ."

"ಏ, ಬಿಚ್ಚಂಗಿಲ್ಲ. ಹೆಣ್ಣ ಪೊಲೀಸಂತ ಸುಮ್ಮನಿದ್ದೇನಿ..."

"ಬಿಚ್ಚಲೇ," ಎಂದ ಲೋಕೇಶ. ಅವನ ದನಿ ಬದಲಾಗಿತ್ತು.

ಗೂಳಪ್ಪ ವಾಚು ಬಿಚ್ಚಿದ. ಬಿಸಿಲಿಗೆ ಕರಿಕಾದ ಕೈಯ ಮೇಲೆ ಬೆಳ್ಳಗಿನ ಒಂದು ಪಟ್ಟಿ. ನಡುವೆ ಗುಂಡನೆಯ ಗುರುತು. ಶಿವಗಂಗಾ ಹಳೆಯ ವಾಚನ್ನು ಚೀಲದ ಸಮೇತ ಅದರ ಮೇಲಿಟ್ಟಳು. ಗುರುತು ಪೂರಾ ಮುಚ್ಚಿಹೋಯಿತು. ಪಕ್ಕದಲ್ಲಿ ಉಗುರಿನ ಮೂರು ಗೀರು, ಇನ್ನೂ ಹಸಿ.

"ಬೆಳ್ಳಗಿನ ಕಲೆ ಎಲ್ಲಾರಿಗೂ ಇರತೈತಿ!" ಗೂಳಪ್ಪ ಕಿರುಚಿದ. "ನಾ ನಿನ್ನೆ ಹೊಲದಾಗಿದ್ದೆ. ಕೇಳ್ರಿ ಇಕಿನ್ನ! ಹೇಳ ಸುನಂದಾ!"

ಎಲ್ಲರೂ ಸುನಂದಾಳ ಕಡೆ ತಿರುಗಿದರು. ಅವಳು ಬಾಗಿಲಲ್ಲಿ ನಿಂತಿದ್ದ ಐಶ್ವರ್ಯಾಳನ್ನು ನೋಡುತ್ತಿದ್ದಳು. ಮೊದಲ ಸಲ ಮುಖ ನೋಡಿದ್ದಳು.

"ಇಪ್ಪತ್ತೊಂಬತ್ತು ವರ್ಷ," ಎಂದಳು ಮೆಲ್ಲಗೆ. "ದಿನಾ ಮುಂಜಾನಿ ಚಾ ಜೋಡಿ ವಾಚಿಗೆ ಚಾವಿ ಕೊಟ್ಟು ಕೈಯಾಗ ಇಡಬೇಕಿತ್ತು. ಮರತ್ರ ಹೊಡತ. ನಿನ್ನೆನೂ ನಾನ ಚಾವಿ ಕೊಟ್ಟೇನಿ."

"ಲೇ ಬೋಸುಡಿ..."

"ಹೊಲಕ್ಕ ಹೋಗಿರಲಿಲ್ಲ ಇಂವ. ಮೊನ್ನೆ ಅವ್ವಗ ಫೋನ ಮಾಡಿದ್ದೆ, ಇಂವ ಹೊಡದು ಕೈ ಮುರದಂಗ ಆಗೇತಿ ಅಂತ. 'ಬಂದುಬಿಡು, ಮನಿ ಐತಿ' ಅಂದ್ಲು. ಇಂವ ಕೇಳಿಸಿಕೊಂಡ. 'ನಿಮ್ಮವ್ವಗ ಬುದ್ಧಿ ಹೇಳಿ ಬರ್ತೇನಿ' ಅಂತ ನಿನ್ನೆ ಗಾಡಿ ಹತ್ತಿದ. ಬರುವಾಗ ಕೈಯಾಗ ಬ್ಯಾರೆ ವಾಚು."

ಗೂಳಪ್ಪ ಅವಳ ಮೇಲೆ ಎರಗಿದ. ಇಬ್ಬರು ಕಾನ್‌ಸ್ಟೇಬಲ್‌ಗಳು ಹಿಡಿದುಕೊಂಡರು.

ಉಳಿದದ್ದು ಜೀಪಿನೊಳಗೆ ಹೊರಬಿತ್ತು. ಶಂಕ್ರವ್ವ ಮೇವು ಹಾಕುತ್ತಿದ್ದಾಗ ಅವನು ಹಿತ್ತಲಿಂದ ಬಂದಿದ್ದ. ಮಗಳು ಬಂದರೆ ಮತ್ತೆ ಕಳಿಸುವುದಿಲ್ಲ ಎಂದಳು ಮುದುಕಿ. ಅವನು ಕೈ ಎತ್ತಿದ. ಅವಳು ಆ ಕೈಯನ್ನೇ ಹಿಡಿದು ಜಗ್ಗಿದಳು. ಪಟ್ಟಿ ಹರಿದು ವಾಚು ಮೇವಿನಲ್ಲಿ ಬಿತ್ತು. ಕೂಗಲು ಬಾಗಿಲ ಕಡೆ ತಿರುಗಿದವಳ ತಲೆಯ ಮೇಲೆ ರುಬ್ಬುಗುಂಡು ಬಿತ್ತು. ಒಳಗೆ ಯಾರೋ ಕೆಮ್ಮಿದಂತಾಗಿ, ಹುಡುಕದೆ ಓಡಿದ್ದ. ಬರಿಗೈಯ ಕಲೆ ಕಂಡರೆ ಜನ ಕೇಳುತ್ತಾರೆಂದು ಪೇಟೆಯಲ್ಲಿ ಕಣ್ಣಿಗೆ ಬಿದ್ದ ಅತಿ ದೊಡ್ಡ ವಾಚನ್ನು ಕೊಂಡಿದ್ದ. ಮೇವಿನಲ್ಲಿ ಬಿದ್ದ ಸಣ್ಣ ವಾಚು ಸಿಕ್ಕಿದ್ದರೂ ಹೆಂಗಸಿನದೆಂದೇ ತಿಳಿಯುತ್ತಾರೆ ಎಂದು ಆಮೇಲೆ ಧೈರ್ಯ ಬಂದಿತ್ತು. ಪೊಲೀಸ್ ಸಾಹೇಬರೇ ಹಾಗೆಂದಿದ್ದರಲ್ಲ.

ಲೋಕೇಶ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿ ಐಶ್ವರ್ಯಾಳಿಗೆ ಕೊಟ್ಟ. ತಪ್ಪಾಯಿತು ಎನ್ನಲಿಲ್ಲ.

ಹನ್ನೆರಡು ದಾಟಿದ ಮೇಲೆ ಆಸ್ಪತ್ರೆಯ ಗಾಡಿ ಬಂತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಶಂಕ್ರವ್ವನನ್ನು ಅಂಗಳದಲ್ಲಿ ಇಳಿಸಿದರು. ಸುನಂದಾ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು. ಐಶ್ವರ್ಯಾ ಅವಳ ಮುಂದೆ ಬಂದು ನಿಂತಳು.

"ನನ್ನ ಜೇಲಿಗೆ ಕಳಸಾಕ ನಿಂತಿದ್ರಿ ನೀವು."

"ಹೂಂ."

"ಸಾಯೋತನಾ ಮರಿಯಂಗಿಲ್ಲ ನಾ."

"ಮರೀಬ್ಯಾಡ."

ಗೋದುಬಾಯಿ ಸಮಾಧಾನ ಹೇಳಲು ಮುಂದೆ ಬಂದಳು. ಐಶ್ವರ್ಯಾಳ ನೋಟಕ್ಕೆ ಅಲ್ಲೇ ನಿಂತಳು. ಶಿವಗಂಗಾ ಅಂಗಳದ ಅಂಚಿಗೆ ಸರಿದಳು. ಇಲ್ಲಿ ಪೊಲೀಸರಿಗೆ ಕೆಲಸವಿರಲಿಲ್ಲ.

ಐಶ್ವರ್ಯಾ ದುಪಟ್ಟಾ ಸೊಂಟಕ್ಕೆ ಬಿಗಿದಳು.

"ಏಳ್ರಿ," ಎಂದಳು. "ನೀರು ಕಾಸಬೇಕು. ನಿಮ್ಮವ್ವನ್ನ ಒಬ್ಬಾಕಿ ಎತ್ತಿ ತೊಳಿಯಾಕ ನನಗ ಆಗೂದಿಲ್ಲ."