ಇಪ್ಪತ್ತೊಂದನೆಯ ಹಾಡು

"ಸಾಕ್ರಿ! ನಿಲ್ಲಸ್ರಿ!"

ಮದುವೆ ಆರ್ಕೆಸ್ಟ್ರಾಕ್ಕೆ ಸೇರಲು ಹಾಡಿ ತೋರಿಸುತ್ತಿದ್ದ ಧಮ್ಮಶೀಲಾ ಚರಣದ ನಡುವೆಯೇ ಗಕ್ಕನೆ ನಿಂತಳು. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ಕೀಬೋರ್ಡಿನ ಹಿಂದೆ ಕುಳಿತಿದ್ದವನು ತಲೆಯನ್ನೇ ಎತ್ತಲಿಲ್ಲ. ಮೇಲೆತ್ತಿದ ಅಂಗೈ ಮಾತ್ರ ಕಾಣುತ್ತಿತ್ತು, ರಸ್ತೆಯಲ್ಲಿ ಬಸ್ಸು ತಡೆದವನ ಹಾಗೆ.

"ಗೊತ್ತಾತು. ಐತವಾರ ಪ್ರೋಗ್ರಾಂ ಅದ, ಬರ್ರಿ."

ಅಷ್ಟೇ! ಛಲೋ ಅದ ಅನ್ನಲಿಲ್ಲ, ಕೆಟ್ಟ ಅದ ಅಂತಲೂ ಅನ್ನಲಿಲ್ಲ. ಝರಾಸಂಗಂನಿಂದ ಜಹೀರಾಬಾದಿಗೆ ಬಂದು ಎರಡು ವರ್ಷವಾಗಿದ್ದರೂ ಇಷ್ಟು ಒರಟು ಮನುಷ್ಯನನ್ನು ಅವಳು ಕಂಡಿರಲಿಲ್ಲ.

'ಪೂರ್ತಿ ಕೇಳೋದಕ್ಕೂ ಇವನಿಗೆ ಪುರುಸೊತ್ತಿಲ್ಲವಾ?'

ಕಣ್ಣಲ್ಲಿ ನೀರು ಬಂದಿತ್ತು. ಆದರೂ ಐತವಾರ ಅವಳು ಹೋದಳು. ಯಾಕೆಂದರೆ ರಜೆಯ ಆ ದಿನ ಅವಳಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ.

ಅವ್ವ ಬಾಲಮಣಿ ತೀರಿಹೋಗಿ ಮೂರು ವರ್ಷ. ಊರಲ್ಲಿ ಅಣ್ಣ ಪ್ರಬುದ್ಧ ಇದ್ದಾನೆ, ಅವನಿಗೆ ಅವನ ಸಂಸಾರವಿದೆ. ಧಮ್ಮಶೀಲಾ ಟ್ರ್ಯಾಕ್ಟರ್ ಕಂಪನಿಯ ಸ್ಟೋರಿನಲ್ಲಿ ಕೆಲಸ ಮಾಡಿಕೊಂಡು ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಒಬ್ಬಳಿಗೆ ಅಡುಗೆ ಮಾಡುವವರಿಗೇ ಗೊತ್ತು ಆ ಕಷ್ಟ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಅನ್ನ ಉಳಿಯುತ್ತದೆ. ಮನುಷ್ಯರ ದನಿ ಕೇಳಲಿ ಅಂತ ಟಿವಿ ಹಚ್ಚಿಟ್ಟು, ಅದಕ್ಕೆ ಬೆನ್ನು ಮಾಡಿ ಉಣ್ಣುತ್ತಿದ್ದಳು.

ಆರ್ಕೆಸ್ಟ್ರಾದ ಮಾಲೀಕ ಶಿವಶಂಕರಪ್ಪ ಕಾಕಾ ಢೋಲಕ್ ಬಾರಿಸುತ್ತಿದ್ದ. ಮೀನಾ ಮುಖ್ಯ ಗಾಯಕಿ. ಕೀಬೋರ್ಡಿನ ಉಮಾಕಾಂತ ನಾರಾಯಣಖೇಡದ ಕಡೆಯ ಒಕ್ಕಲು ಮನೆತನದವನು. ಯಾವ ಹಾಡು ಯಾವಾಗ ಎಂದು ಪಟ್ಟಿ ಬರೆಯುವವನು ಅವನೇ.

ಪಟ್ಟಿ ಬರೆಯುವುದು ಏನು ಮಹಾ ಅನ್ನಬೇಡಿ! ಗಂಡಿನ ಕಡೆಯವರು ಬೀದರಿನವರಾದರೆ ಕನ್ನಡ ಬೇಕು, ಹೆಣ್ಣಿನ ಕಡೆಯವರು ಸಂಗಾರೆಡ್ಡಿಯವರಾದರೆ ತೆಲುಗು ಬೇಕು. ಹಿಂದಿ ಎಲ್ಲರಿಗೂ ಬೇಕು. ಯಾರದಾದರೂ ಅಜ್ಜಿ ಉದಗೀರದವಳಾಗಿದ್ದರೆ ಒಂದು ಮರಾಠಿ ಹಾಡಿಲ್ಲದೆ ಅವಳು ಮುಖ ಬಿಗಿಯುತ್ತಾಳೆ. ಕುಣಿಯುವ ಹಾಡು ಬೇಗ ಬಂದರೆ ಹುಡುಗರು ಅಕ್ಷತೆಗೆ ಮೊದಲೇ ದಣಿಯುತ್ತಾರೆ, ತಡವಾದರೆ ಹೊಟ್ಟೆ ತುಂಬಿ ಎದ್ದೇಳುವುದಿಲ್ಲ. ಎಲೆಗೆ ಬಡಿಸಿದ ಹಾಗೆ, ಯಾವುದು ಯಾವಾಗ ಎಂಬುದು ಗೊತ್ತಿರಬೇಕು.

ಆ ಮೊದಲ ಐತವಾರ ಧಮ್ಮಶೀಲಾ ಫೋನಿನ ಗ್ರೂಪಿಗೆ ಬಂದ ಪಟ್ಟಿಯಲ್ಲಿ ತನ್ನ ಹೆಸರು ಹುಡುಕಿದಳು. ಒಂದರಲ್ಲಿಲ್ಲ, ಐದರಲ್ಲಿಲ್ಲ, ಹತ್ತರಲ್ಲೂ ಇಲ್ಲ... ಕೊನೆಗೆ ಸಿಕ್ಕಿತು.

ಇಪ್ಪತ್ತೊಂದು. ಪಟ್ಟಿಯ ಕಟ್ಟಕಡೆಯ ಹಾಡು!

ಮದುವೆಗಳೆಲ್ಲ ಹಗಲಿನವು. ಅಕ್ಷತೆ ಬಿದ್ದು ಇಪ್ಪತ್ತನೇ ಹಾಡು ಮುಗಿಯುವ ಹೊತ್ತಿಗೆ ಜನವೆಲ್ಲ ಊಟದ ಹಾಲಿಗೆ ನುಗ್ಗಿರುತ್ತಿತ್ತು. ಅವಳು ಮೈಕಿನ ಮುಂದೆ ಬಂದಾಗ ಎದುರಿಗೆ ಇರುತ್ತಿದ್ದದ್ದು ಖಾಲಿ ಕುರ್ಚಿಗಳು ಮತ್ತು ಯಾರೋ ಬಿಟ್ಟುಹೋದ ನೀರಿನ ಬಾಟಲಿಗಳು.

ಹೊಸಬಳಲ್ಲವೇ, ಇರಲಿ ಅಂದುಕೊಂಡಳು. ಆದರೆ ಹನ್ನೊಂದು ತಿಂಗಳಾದರೂ ಅವಳು ಇಪ್ಪತ್ತೊಂದನ್ನು ದಾಟಲಿಲ್ಲ. ಕೋರಸ್ಸಿಗೆ ಕರೆಯುತ್ತಿದ್ದರು, ಜೋಡಿ ಹಾಡಿಗೆ ಕರೆಯುತ್ತಿದ್ದರು. ಅವಳದೇ ಎನ್ನುವ ಹಾಡು ಮಾತ್ರ ಅದೊಂದೇ, ಆ ಖಾಲಿ ಕುರ್ಚಿಗಳಿಗೆ.

ಇದರ ನಡುವೆ ಆಗಬಾರದ್ದೊಂದು ಆಗಿಹೋಯಿತು. ಆ ಒರಟನ ಮೇಲೆ ಅವಳಿಗೆ ಮನಸ್ಸಾಯಿತು!

ಆಗದೆ ಇನ್ನೇನು? ಅವಳಿಗೆ ಕೆಮ್ಮು ಬಂದ ದಿನ ಕೀಬೋರ್ಡಿನ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕ್ ಇರುತ್ತಿತ್ತು. ಕಂಪನಿಯಲ್ಲಿ ತಡವಾದ ದಿನ, "ಇನ್ನೊಬ್ರು ಬರ್ಬೇಕು, ತಡೀರಿ" ಎಂದು ಜೀಪಿಗೆ ಅಡ್ಡ ನಿಂತಿರುತ್ತಿದ್ದ. ಮಾತು ಮಾತ್ರ ಇಲ್ಲ. ಮುಖ ಎತ್ತಿ ನೋಡುವುದೂ ಇಲ್ಲ.

ನಾರಾಯಣಖೇಡದ ಮದುವೆಯ ದಿನ ಸಾಮಾನು ಕಟ್ಟುವಾಗ ಅವಳು ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಸರ್... ನಂದೊಂದು ಹಾಡು ಮೊದಲ ಹತ್ತರಾಗ ಇಡ್ತೀರೇನು?"

ಉಮಾಕಾಂತ ವೈರು ಸುತ್ತುತ್ತಲೇ ತಲೆಯಾಡಿಸಿದ. "ಬ್ಯಾಡ್ರಿ. ನಿಮಗ ಕಡೀ ಜಾಗಾನೇ ಛಲೋ."

ಕಡೀ ಜಾಗ.

ಅವಳು ಕೈಯಲ್ಲಿದ್ದ ಮೈಕನ್ನು ಪೆಟ್ಟಿಗೆಯಲ್ಲಿ ಇಟ್ಟಳು.

ಊರ ದಾವತಿನಲ್ಲಿ ಅವ್ವನ ಸೆರಗು ಹಿಡಿದು ಗೋಡೆಯ ಪಕ್ಕ ನಿಂತಿದ್ದು ನೆನಪಾಯಿತು. ಎಲ್ಲರದೂ ಆಗಬೇಕು, ಆಮೇಲೆ ಇವರ ಕೇರಿಯ ಪಂಕ್ತಿ. ಅಷ್ಟರಲ್ಲಿ ತುಪ್ಪ ಮುಗಿದಿರುತ್ತಿತ್ತು, ಬಡಿಸುವವರ ಮುಖದ ನಗುವೂ ಮುಗಿದಿರುತ್ತಿತ್ತು. "ಓದಿ ನೌಕರಿ ಮಾಡು ಮಗಳ, ಯಾರೂ ನಿನ್ನ ಕಡೀಕ ಕುಂದರ್ಸಬಾರ್ದು" ಎಂದು ಅವ್ವ ಅಂದಿದ್ದಳು. ಜಯಂತಿಯ ದಿನ ಬೀದಿಯಲ್ಲಿ ನೀಲಿ ಬಾವುಟದ ಕೆಳಗೆ ನಿಂತು ಗಂಟಲು ಬಿಚ್ಚಿ ಹಾಡುತ್ತಿದ್ದ ಅವ್ವ!

'ಓದಿದೆ ಅವ್ವ, ನೌಕರಿಯೂ ಮಾಡಿದೆ. ಆದರೂ ಕಡೀಕೇ ನಿಂತಿದ್ದೀನಿ. ಅದೂ ನಾನು ಮನಸ್ಸು ಕೊಟ್ಟವನ ಕೈಯಿಂದಲೇ...'

ಅಂದು ಕೋಣೆಗೆ ಬಂದು ಅವಳು ಟಿವಿ ಹಚ್ಚಲಿಲ್ಲ. ಅನ್ನಕ್ಕೂ ಇಡಲಿಲ್ಲ. ಸಂಗಾರೆಡ್ಡಿಯ ಬೇರೊಂದು ಆರ್ಕೆಸ್ಟ್ರಾ ಪಾರ್ಟಿಯವರು ಎರಡು ಸಲ ಫೋನ್ ಮಾಡಿದ್ದರು, ಮೊದಲ ಹಾಡೇ ನಿಮ್ಮದು ಎಂದಿದ್ದರು. ಅವರಿಗೆ ಹೂಂ ಅಂದಳು. ಆಮೇಲೆ ಆರ್ಕೆಸ್ಟ್ರಾದ ಗ್ರೂಪಿನಲ್ಲಿ ಬರೆದಳು: "ತಾಂಡೂರಿನ ಪ್ರೋಗ್ರಾಂ ನನ್ನದು ಕೊನೇದು. ಆಮೇಲೆ ಸಂಗಾರೆಡ್ಡಿ ಪಾರ್ಟಿಗೆ."

ಕಾಕಾ ಅಳುವ ಮುಖ ಕಳಿಸಿದ. ಮೀನಾ "ಯಾಕ?" ಎಂದಳು. ಉಮಾಕಾಂತ ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಎಷ್ಟು ಸಲ ತೆರೆದು ನೋಡಿದರೂ ಬರಲಿಲ್ಲ.

ತಾಂಡೂರಿನ ಫಂಕ್ಷನ್ ಹಾಲಿನ ನೆಲಕ್ಕೆ ಅಲ್ಲಿಯದೇ ನೀಲಿ ಕಲ್ಲು. ಹನ್ನೊಂದು ಗಂಟೆಯಾದರೂ ಗಂಡಿನ ಕಡೆಯ ಬಸ್ಸು ಬಂದಿರಲಿಲ್ಲ. ಕಾಕಾ ಓಡುತ್ತಾ ಬಂದ.

"ತಂಗಿ, ಬಸ್ಸು ಲೇಟಾಗ್ಯಾದ. ಇಪ್ಪತ್ತೊಂದು ಹಾಡಿಗಿ ಟೈಮಿಲ್ಲ, ಹತ್ತೇ. ಒಂದು ಪಟ್ಟಿ ಬರಿ."

"ನಾನಾ? ಸರ್ ಎಲ್ಲಿ?"

"ಅಡಾಪ್ಟರ್ ಸುಟ್ಟದ, ತರಾಕ ಬಜಾರಕ್ಕ ಹೋಗ್ಯಾನ. ಅವನ ಫೈಲ್ ಅಲ್ಲೇ ಅದ ನೋಡು, ನೋಡ್ಕೋತ ಬರಿ. ಜಲ್ದಿ!"

ಕೀಬೋರ್ಡಿನ ಪೆಟ್ಟಿಗೆಯಲ್ಲಿ ಹಳದಿ ಫೈಲಿತ್ತು. ಗ್ರೂಪಿಗೆ ಬರುತ್ತಿದ್ದದ್ದು ಬರೀ ಹಾಡಿನ ಹೆಸರು, ಹಾಡುವವರ ಹೆಸರು. ಅವನ ಕೈಬರಹದ ಪಟ್ಟಿಯನ್ನು ಅವಳು ಇಂದೇ ಮೊದಲು ನೋಡಿದ್ದು.

ಪ್ರತಿ ಹಾಡಿನ ಮುಂದೆ ಕೆಂಪು ಪೆನ್ನಿನಲ್ಲಿ ಏನೋ ಇತ್ತು. 'ಅರ್ಧ.' 'ಅರ್ಧ.' 'ಪಲ್ಲವಿ ಅಷ್ಟೇ.' 'ಚೀಟಿ ಬಂದರೆ ಬಿಡಬಹುದು.' ಮೀನಾಳ ಹಾಡುಗಳಿಗೂ ಅದೇ ಗತಿ. ನಿಜವೇ, ಚೀಟಿಯಲ್ಲಿ ಫರ್ಮಾಯಿಷ್ ಬಂದ ಕೂಡಲೇ ಹಾಡುತ್ತಿದ್ದ ಹಾಡನ್ನು ಕತ್ತರಿಸುವುದು ಈ ಕಡೆಯ ರಿವಾಜು. ಮಾವನೋ ಸರಪಂಚನೋ ಕೇಳಿದ ಹಾಡಿಗೆ ಇಲ್ಲ ಅನ್ನುವುದುಂಟೇ?

ಇಪ್ಪತ್ತೊಂದರ ಮುಂದೆ ಮಾತ್ರ ಬೇರೆ ಇತ್ತು.

'ಧಮ್ಮಶೀಲಾ. ಪೂರಾ. ರಿದಂ ಪ್ಯಾಡ್ ಬಂದ್, ಢೋಲಕ್ ಬಂದ್. ಕೀಬೋರ್ಡ್ ಒಂದೇ, ಅದೂ ಸಣ್ಣಗೆ.'

ಅವಳು ಹಾಳೆ ಮಗುಚಿದಳು. ಅದರ ಹಿಂದಿನದರಲ್ಲೂ 'ಪೂರಾ.' ಅದರ ಹಿಂದಿನದರಲ್ಲೂ! ಹನ್ನೊಂದು ತಿಂಗಳ ಅಷ್ಟೂ ಪಟ್ಟಿಗಳಲ್ಲಿ ಪೂರಾ ಎನ್ನುವ ಮಾತು ಒಂದೇ ಹೆಸರಿನ ಮುಂದೆ ಇತ್ತು.

ನಾರಾಯಣಖೇಡದ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರ: 'ಎರಡನೇ ಚರಣದಾಗ ದನಿ ನಡುಗಿತು. ಆರಾಮಿಲ್ಲೇನೋ. ಕೇಳಬೇಕು.'

ಕೇಳಿರಲಿಲ್ಲ. ಮೂರ್ಖ! ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

"ಅದು... ನಂದು ಫೈಲು."

ಉಮಾಕಾಂತ ಅಡಾಪ್ಟರ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಇದೇನ್ರಿ ಇದು?" ಅವಳು ಹಾಳೆ ಎತ್ತಿ ಹಿಡಿದಳು. "ಒಂದು ಮಾತು ಹೇಳಾಕ ಬರ್ತಿದ್ದಿಲ್ಲೇನು?"

"ನಡುವ ಇಟ್ರ ಚೀಟಿ ಬರ್ತಾವ್ರಿ. ಅರ್ಧಕ್ಕ ನಿಲ್ಲಸ್ತಾರ." ಅವನು ಮೊದಲ ಸಲ ಅವಳ ಮುಖ ನೋಡಿ ಮಾತಾಡುತ್ತಿದ್ದ. "ಊಟಕ್ಕ ಹೋದ ಮ್ಯಾಲ ಯಾರೂ ಚೀಟಿ ಕಳ್ಸಂಗಿಲ್ಲ. ನಿಮ್ಮ ಹಾಡು ಅರ್ಧ ಆಗಬಾರ್ದು ಅಂತ... ಮತ್ತ..."

"ಮತ್ತ?"

"ಆಗ ನಾ ಒಬ್ಬನೇ ಕೇಳ್ತೀನಿ."

ಎಷ್ಟು ದಿನದಿಂದ ಕಾದ ಮಾತು! ಅವಳು ಕರಗಿಬಿಡಬೇಕಿತ್ತು. ಕರಗಿದಳು ಕೂಡ. ಆದರೆ ಎದೆಯ ಒಂದು ಮೂಲೆ ಕಲ್ಲಾಗಿಯೇ ಇತ್ತು, ಮತ್ತು ಅದನ್ನು ಈಗ ಹೇಳದಿದ್ದರೆ ಎಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು.

"ನಮ್ಮವ್ವ ಊರ ದಾವತಿನಾಗ ಎಲ್ಲಾರದು ಆದ ಮ್ಯಾಲ ಕುಂದರ್ತಿದ್ಳು ಸರ್. ಕಡೀ ಪಂಕ್ತಿ. ಅಲ್ಲಿತನ ತುಪ್ಪ ಬರ್ತಿದ್ದಿಲ್ಲ. ನೀವು ಪ್ರೀತಿಲಿಂದೇ ಕೊಟ್ಟಿರಬಹುದು. ಆದ್ರ ಆ ಜಾಗಾ ನಂಗ ಭಾಳ ದಿನದಿಂದ ಗೊತ್ತದ. ಕೊಡೂಕಿಂತ ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು."

ಉಮಾಕಾಂತನ ಮುಖದ ಬಣ್ಣ ಇಳಿಯಿತು. ಅಡಾಪ್ಟರನ್ನು ಕೀಬೋರ್ಡಿನ ಮೇಲೆ ಇಟ್ಟ.

"ನಮ್ಮ ಮನಿ ದಾವತಿನಾಗ ತುಪ್ಪ ಬಡಸೂದು ನಂದೇ ಕೆಲ್ಸ ಇತ್ತು," ಎಂದ. "ಕಡೀ ಪಂಕ್ತಿ ಕುಂದ್ರೂ ಹೊತ್ತಿಗಿ ನಾ ಕೈ ತೊಳಕೊಂಡು ಹೋಗಿರ್ತಿದ್ದೆ. ಅಲ್ಲಿ ಯಾರ ಕುಂದರ್ತಾರ ಅಂತ ತಿರುಗಿ ನೋಡೇ ಇಲ್ರಿ ನಾನು."

ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದು ಅವಳ ಮುಂದೆ ಇಟ್ಟ.

"ಪಟ್ಟಿ ನೀವ ಬರೀರಿ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಒಂದು, ದೇವರ ಹಾಡು. ಎರಡು, ಮೀನಾಳ ತೆಲುಗು ಹಾಡು. ಮೂರು... ಧಮ್ಮಶೀಲಾ. ಪೂರಾ. ಹಾಗೆ ಒಂಬತ್ತರವರೆಗೆ ಬರೆದು, ಹತ್ತರ ಮುಂದೆ ಏನೂ ಬರೆಯದೆ ಬಿಟ್ಟಳು.

ಅಂದು ಮೂರನೇ ಹಾಡಿನ ಹೊತ್ತಿಗೆ ಬಸ್ಸು ಬಂದು ಫಂಕ್ಷನ್ ಹಾಲ್ ತುಂಬಿತ್ತು. ಅವಳು ಕಣ್ಣು ಮುಚ್ಚಿ ಶುರು ಮಾಡಿದಳು. ಎಲ್ಲರೂ ಕೇಳಿದರು ಅಂತ ಹೇಳಲಾರೆ. ಮದುವೆ ಮನೆಯಲ್ಲಿ ಮಾತು ನಿಲ್ಲುವುದುಂಟೇ! ಮುಂದಿನ ಸಾಲಿನ ಒಬ್ಬ ಮುದುಕಿ ಮಾತ್ರ ಬೀಸಣಿಕೆ ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕುಳಿತಳು.

ಎರಡನೇ ಚರಣಕ್ಕೆ ಬಂದಾಗ ಹೆಣ್ಣಿನ ಸೋದರಮಾವ ಚೀಟಿ ಹಿಡಿದು ಮೆಟ್ಟಿಲೇರಿದ. ಕಣ್ಣು ತೆರೆದ ಧಮ್ಮಶೀಲಾಳಿಗೆ ಮೊದಲು ಕಂಡದ್ದು ಆ ಚೀಟಿಯೇ. ಆಯಿತು, ಇಲ್ಲಿಗೆ ಮುಗಿಯಿತು...

ಉಮಾಕಾಂತ ಬಲಗೈಯಲ್ಲಿ ನುಡಿಸುತ್ತಲೇ ಎಡಗೈ ಎತ್ತಿದ. ಅದೇ ಅಂಗೈ!

"ಸಾಕ್ರಿ ಮಾವ, ಅಲ್ಲೇ ನಿಲ್ರಿ. ಈ ಹಾಡು ಪೂರಾ ಆಗ್ಲಿ."

ಕಾಕಾನ ಕೈ ಢೋಲಕ್ಕಿನ ಮೇಲೇ ಹಾಗೇ ನಿಂತಿತು. ಮಾವ ಹುಬ್ಬು ಗಂಟಿಕ್ಕಿದ. ಆದರೆ ನಿಂತ. ಹಾಡೂ ಪೂರಾ ಆಯಿತು.

ಅಕ್ಷತೆಯಾಗಿ ಒಂಬತ್ತನೇ ಹಾಡೂ ಮುಗಿದಾಗ ಎಂದಿನಂತೆ ಜನ ಊಟಕ್ಕೆ ನುಗ್ಗಿತು. ಕಾಕಾ ಮತ್ತು ಮೀನಾ ಕೂಡ ಹೋದರು. ಉಮಾಕಾಂತ ಪಟ್ಟಿ ನೋಡಿದ.

"ಹತ್ತನೇದು ಖಾಲಿ ಅದಲ್ರಿ?"

"ಅದು ನಿಮ್ಮದು. ಹಾಡ್ರಿ."

"ನಂಗ ಹಾಡಾಕ ಬರಂಗಿಲ್ರಿ!"

ಅವಳು ವೇದಿಕೆ ಇಳಿದು ಖಾಲಿ ಕುರ್ಚಿಗಳ ಮೊದಲ ಸಾಲಿನಲ್ಲಿ ನಟ್ಟನಡುವೆ ಕುಳಿತಳು.

"ನಾ ಒಬ್ಬಾಕೀನೇ ಕೇಳ್ತೀನಿ. ನಂಗ ಊಟದ ಗಡಬಡ ಇಲ್ಲ."

ಅವನು ಹಾಡಿದ. ಅವಳದೇ ಇಪ್ಪತ್ತೊಂದನೆಯ ಹಾಡು. ದನಿ ಒಡಕು, ತಾಳ ಅಡ್ಡಾದಿಡ್ಡಿ. ಕೀಬೋರ್ಡಿನಲ್ಲಿ ತಪ್ಪದ ಬೆರಳು ಕೂಡ ಎರಡು ಕಡೆ ತಪ್ಪಿತು. ಆದರೆ ಒಂದು ಅಕ್ಷರ ಮರೆತಿರಲಿಲ್ಲ. ಖಾಲಿ ಹಾಲಿನಲ್ಲಿ ಅಷ್ಟು ದೊಡ್ಡ ಮೈಕಿನ ಮುಂದೆ ಅವನು ಎಷ್ಟು ಒಂಟಿಯಾಗಿ ಕಾಣುತ್ತಿದ್ದ! 'ನಾನೂ ಇಷ್ಟು ದಿನ ಹೀಗೇ ಕಾಣುತ್ತಿದ್ದೆನಾ?' ಅನ್ನಿಸಿತು ಅವಳಿಗೆ. ಕಣ್ಣೀರು ಒರೆಸಿಕೊಳ್ಳಲಿಲ್ಲ.

ಹಾಡು ಮುಗಿಸಿ ಅವನು ಕೆಳಗಿಳಿದು ಬಂದ.

"ಆ ಮೊದಲ್ನೇ ದಿನ ಯಾಕ ನಿಲ್ಲಸಿದ್ರಿ?" ಎಂದು ಕೇಳಿದಳು.

"ಪೂರಾ ಕೇಳಿದ್ರ ಕಾಕಾನ ಮುಂದ ಅಳ್ತಿದ್ದೆ. ನಮ್ಮವ್ವ ಹೋದ ಮ್ಯಾಲ ನನ್ನ ಮನಿಯಾಗ ಯಾರೂ ಹಾಡಿಲ್ಲ." ಸ್ವಲ್ಪ ತಡೆದು ಕೇಳಿದ, "ಸಂಗಾರೆಡ್ಡಿ ಪಾರ್ಟಿಗಿ ಹೋಗ್ತೀರೇನು?"

"ಅಲ್ಲಿ ಪಟ್ಟಿ ಬ್ಯಾರೇದವ್ರು ಬರೀತಾರ." ಅವಳು ಕೆಂಪು ಪೆನ್ನನ್ನು ತನ್ನ ಚೀಲದೊಳಗೆ ಹಾಕಿಕೊಂಡಳು. "ಇದು ನಾ ವಾಪಸ್ ಕೊಡಂಗಿಲ್ಲ."

ಅವನು ನಕ್ಕದ್ದನ್ನು ಅವಳು ಅಂದೇ ಮೊದಲು ನೋಡಿದ್ದು.

ಊಟದ ಹಾಲಿನಿಂದ ಯಾರೋ ಕೂಗಿದರು, "ಕಡೀ ಪಂಕ್ತಿ! ಯಾರರ ಉಳಿದೀರೇನು?"

ಧಮ್ಮಶೀಲಾ ಕುರ್ಚಿಯಿಂದ ಏಳಲಿಲ್ಲ.

"ಬರ್ರಿ," ಎಂದ ಉಮಾಕಾಂತ ಮೆಲ್ಲಗೆ. "ಇನ್ನೊಂದು ದಿನ ನಮ್ಮ ಮನಿಯಾಗ ಮೊದಲ್ನೇ ಪಂಕ್ತಿಗಿ ನಿಮ್ಮನ್ನ ಕುಂದರ್ಸ್ತೀನಿ. ನನ್ನ ಹೇಣ್ತಿ ಅಂತ ಹೇಳಿ. ಯಾರರ ಎದ್ದು ಹೋದ್ರ ಹೋಗ್ಲಿ. ಆದ್ರ ಈ ಸಲ ಮೊದಲ ಕೇಳ್ತೀನಿ... ನಡೀತದೇನ್ರಿ?"

ಅವಳು ಚೀಲ ಹೆಗಲಿಗೇರಿಸಿದಳು. ಎದ್ದು ಅವನ ಜೊತೆ ನಡೆದಳು.

ಉದ್ದನೆಯ ಮೇಜಿನಲ್ಲಿ ಅವಳೊಬ್ಬಳದೇ ಎಲೆ. ಉಮಾಕಾಂತ ಕುಳಿತುಕೊಳ್ಳಲಿಲ್ಲ. ಬಡಿಸುವವನ ಕೈಯಿಂದ ತುಪ್ಪದ ಗಿಂಡಿ ಇಸಿದುಕೊಂಡು ಅವಳ ಮುಂದೆ ಬಾಗಿದ. ಬಿಸಿ ಅನ್ನದ ಮೇಲೆ ತುಪ್ಪ ಇಳಿಯತೊಡಗಿತು.

"ಸಾಕಂದ್ರ ನಿಲ್ಲಸ್ತೀನ್ರಿ," ಎಂದ.

ಧಮ್ಮಶೀಲಾ ತುಂಬಿದ ಕಣ್ಣೆತ್ತಿ ಅವನನ್ನು ನೋಡಿದಳು.

"ನಾ ಅನ್ನಂಗಿಲ್ಲ."