ಕೆರೆಗೆ ಸುತ್ತು ದಾರಿ

"ಕೆರೆ ಎಲ್ಲಮ್ಮಾ?"

ನನ್ನ ಜೆರಾಕ್ಸ್ ಅಂಗಡಿಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಬೆವರು ಒರೆಸಿಕೊಂಡು, ಟೋಪಿಯಲ್ಲಿ ಗಾಳಿ ಬೀಸಿಕೊಂಡು, "ಬೋರ್ಡಲ್ಲಿ ಬಾಣ ಈ ಕಡೆಗೇ ಇದೆಯಲ್ಲಾ!" ಎನ್ನುತ್ತಿದ್ದರು.

ಕಾಲೇಜಿಗೆ ರಜೆ ಬಿಟ್ಟರೆ ನಮ್ಮೂರು ಊರೇ ಅಲ್ಲ. ಹಾಸ್ಟೆಲ್ಲಿನ ಕಿಟಕಿಗಳು ಮುಚ್ಚುತ್ತವೆ, ಬೀದಿ ನಾಯಿಗಳಿಗೂ ಬೇಜಾರು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ ಇಡೀ ಬೀದಿಗೆ ನಾನೇ ಗೌಡತಿ. ಆ ಗೌಡಿಕೆಯಿಂದ ಹೊಟ್ಟೆ ತುಂಬಬೇಕಲ್ಲ? ಈ ಸಲ ಬಾಗಿಲಿಗೆ 'ಅಂಗಡಿ ಬಾಡಿಗೆಗಿದೆ' ಎಂದು ಚೀಟಿ ಅಂಟಿಸಿ, ರಜೆ ಮುಗಿಯುವುದರೊಳಗೆ ಅಕ್ಕನ ಊರಿಗೆ ಹೊರಡುವುದೆಂದು ತೀರ್ಮಾನಿಸಿದ್ದೆ.

ಆ ಚೀಟಿಯನ್ನು ಮೊದಲು ಓದಿದವರು ಭೂಗೋಳದ ಮೇಷ್ಟ್ರು. ರಜೆಯಲ್ಲೂ ಊರು ಉಸಿರಾಡಲಿ ಎಂದು ಪ್ರವಾಸಿಗರನ್ನು ಕರೆಸುವ ಕಮಿಟಿ ಕಟ್ಟಿದವರು ಅವರೇ. ಹಕ್ಕಿಗಳ ಕೆರೆ, ಗಡಿಯಾರದ ಗೋಪುರ, ಹಳೇ ಲೈಬ್ರರಿ ಎಲ್ಲವನ್ನೂ ಸೇರಿಸಿ ನಕ್ಷೆ ಬರೆದು, ಪ್ರತಿ ಮಾಡಿಸಲು ತಂದಿದ್ದರು. ಚೀಟಿ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಹೋಗ್ಬಿಡ್ತೀರಾ?"

"ಇನ್ನೇನು, ನೊಣ ಹೊಡೀತಾ ಕೂರ್ಲಾ?"

ಅವರು ನಕ್ಷೆಯನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡರು. "ಇದನ್ನ ಸ್ವಲ್ಪ ತಿದ್ದಬೇಕು," ಎಂದು ಹೊರಟೇಹೋದರು.

ಆಮೇಲೆ ಬೋರ್ಡುಗಳು ಎದ್ದವು, ಜನ ಬಂದರು. ಬಸ್ ಸ್ಟ್ಯಾಂಡಿನಿಂದ ಕೆರೆಗೆ ನೇರ ರಸ್ತೆ. ಬಾಣ ಮಾತ್ರ ಎಡಕ್ಕೆ, ನನ್ನ ಬೀದಿಗೆ. ಬೋರ್ಡ್ ನೆಟ್ಟವನು ನಿದ್ದೆಗಣ್ಣಲ್ಲಿ ನೆಟ್ಟಿರಬೇಕು ಎಂದುಕೊಂಡೆ. ಬಾಯಾರಿ ಬಂದವರನ್ನು ಹಾಗೇ ಕಳಿಸುವುದುಂಟೇ? ನೀರಿಟ್ಟೆ, ಬೆಂಚು ಹಾಕಿದೆ. ಒಬ್ಬಳು ಹುಡುಗಿ ಫೋನು ಚಾಚಿ, "ಈ ಫೋಟೊ ಪ್ರಿಂಟ್ ಆಗುತ್ತಾ?" ಎಂದಳು. ದಪ್ಪ ಕಾಗದದಲ್ಲಿ ಪೋಸ್ಟ್ ಕಾರ್ಡಿನ ಹಾಗೆ ತೆಗೆದುಕೊಟ್ಟೆ. ಅಷ್ಟೇ, ಮಾರನೇ ದಿನದಿಂದ ಮಷೀನು ತಣ್ಣಗಾಗಲು ಪುರಸೊತ್ತಿಲ್ಲ.

ಮೇಷ್ಟ್ರು ಸಂಜೆ ಸಂಜೆ ಒಂದೇ ಒಂದು ಹಾಳೆ ಹಿಡಿದು ಬರುತ್ತಿದ್ದರು. ಮಷೀನಿನ ಬೆಳಕು ನನ್ನ ಮುಖದ ಮೇಲೆ ಹಾಯುವಾಗ ನೋಡುವುದು, ನಾನು ತಲೆ ಎತ್ತಿದರೆ ಬೀದಿ ನೋಡುವುದು.

"ಮೇಷ್ಟ್ರೇ, ಈ ಹಾಳೆ ನಿನ್ನೆನೂ ತಂದಿದ್ರಿ."

"ನಿನ್ನೇದು... ಸ್ವಲ್ಪ ಮಸುಕಾಗಿತ್ತು."

"ನನ್ನ ಮಷೀನಿಗೆ ಹೆಸರಿಡ್ತೀರಾ?"

ಅವರ ಕಿವಿ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ.

ಒಂದು ಮಧ್ಯಾಹ್ನ ಒಬ್ಬರು ಅಜ್ಜಿ ಬೆಂಚಿನ ಮೇಲೆ ಕುಸಿದು ಕೂತರು. "ಕೆರೆಗೆ ನೇರ ದಾರಿ ಇದೆಯಂತೆ. ಸುತ್ತಾಡಿಸೋಕೆ ನನ್ನ ಮಂಡಿ ಏನು ಪಾಪ ಮಾಡಿತ್ತಮ್ಮಾ?"

ಅಜ್ಜಿಯನ್ನು ಆಟೋ ಹತ್ತಿಸಿ, ಸ್ಟೂಲು, ಸ್ಪ್ಯಾನರ್ ಹಿಡಿದು ಮೇಷ್ಟ್ರನ್ನು ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಹೋದೆ.

"ಹತ್ತಿ. ಭೂಗೋಳದ ಮೇಷ್ಟ್ರ ಊರಲ್ಲೇ ಬಾಣ ತಪ್ಪಿದ್ರೆ ಜನ ನಗಲ್ವಾ?"

ಅವರು ಹತ್ತಿದರು. ನಾನು ಸ್ಟೂಲು ಹಿಡಿದೆ. ನಟ್ಟು ಬಿಚ್ಚುತ್ತಾ, ಬೋರ್ಡಿಗೇ ಹೇಳುವಂತೆ ಹೇಳಿದರು: "ತಪ್ಪಿಲ್ಲ. ನಾನೇ ತಿರುಗಿಸಿದ್ದು."

ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು.

"ಜನ ಬಂದ್ರೆ ಅಂಗಡಿ ಉಳಿಯುತ್ತೆ. ಅಂಗಡಿ ಉಳಿದ್ರೆ ನೀವು ಉಳೀತೀರಿ ಅಂತ."

"ನಾನು ಉಳಿದ್ರೆ?"

ನಟ್ಟು ಅವರ ಬೆರಳಲ್ಲೇ ನಿಂತಿತು. "ಅಲ್ಲಿಂದ ಮುಂದಕ್ಕೆ ನಕ್ಷೆ ಬರೆದಿರಲಿಲ್ಲ."

ಹೋಗಬೇಡಿ ಎಂದು ಬಾಯಿಬಿಟ್ಟು ಹೇಳಲಾರದೆ, ಊರಿಗೆ ಊರನ್ನೇ ನನ್ನ ಬಾಗಿಲಿಗೆ ಕಳಿಸಿದ್ದರು ಈ ಮನುಷ್ಯ. ಈ ಋಣ ತೀರಿಸುವುದು ಹೇಗೆಂದು ತಿಳಿಯಲಿಲ್ಲ. ತೀರಿಸಲು ಮನಸ್ಸೂ ಇರಲಿಲ್ಲ.

"ಬಾಣ ನೇರ ಮಾಡಿ, ಮೇಷ್ಟ್ರೇ. ಫೋಟೊ ಬೇಕಾದವರು ಕೇಳ್ಕೊಂಡು ಬರ್ತಾರೆ, ಅಂಗಡಿ ಈಗ ತನ್ನ ಕಾಲ ಮೇಲೆ ನಿಂತಿದೆ."

"ಮತ್ತೆ ನೀವು?"

"ಮುಂದಿನ ನಕ್ಷೆ ಇಬ್ಬರೂ ಕೂತು ಬರೆಯೋಣ. ಮೊದಲು ನಟ್ಟು ಬಿಗಿದು ಕೆಳಗಿಳೀರಿ, ಬಿದ್ದುಗಿದ್ದೀರಿ."

ಇಳಿಯಲು ಕೈ ಕೊಟ್ಟೆ. ಇಳಿದ ಮೇಲೂ ಅವರು ಬಿಡಲಿಲ್ಲ, ನಾನೂ ವಾಪಸ್ ಕೇಳಲಿಲ್ಲ.

ಆ ಸಂಜೆ ಚೀಟಿ ಕಿತ್ತೆ, ಬರುವುದಿಲ್ಲವೆಂದು ಅಕ್ಕನಿಗೆ ಫೋನ್ ಮಾಡಿದೆ. ಈಗ ಪ್ರವಾಸಿಗರು ನೇರವಾಗಿ ಕೆರೆಗೆ ಹೋಗುತ್ತಾರೆ. ಮೇಷ್ಟ್ರ ಮನೆಯೂ ಕೆರೆಯ ರಸ್ತೆಯಲ್ಲೇ ಇದೆ. ಅವರು ಮಾತ್ರ ದಿನಾ ನನ್ನ ಬೀದಿ ಸುತ್ತಿಕೊಂಡೇ ಮನೆಗೆ ಹೋಗುತ್ತಾರೆ, ಕೈಯಲ್ಲಿ ಹಾಳೆಯೇ ಇಲ್ಲದೆ.